ಬೇಲಿಯಿಂದ ಜರುಗುತ್ತಿರುವ ಬೋಳು ಮರ

ಇದು ನಡೆದದ್ದೇ. ನಂಬದವರ ಜೊತೆ ಜಗಳಕ್ಕೆ ನಿಲ್ಲುವ ತ್ರಾಣ ಈಗ ನನಗಿಲ್ಲ. ಫೋಟೋಗಳು ನನ್ನ ಲ್ಯಾಪ್‌ಟಾಪ್‌ನಲ್ಲೇ ಇವೆ. ಕೇಳಿದರೂ ತೋರಿಸುವುದಿಲ್ಲ, ಅಷ್ಟೇ.

ಮೊದಲೆಲ್ಲ ದೆವ್ವ ಗಿವ್ವ ಅಂದವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ನನ್ನ ಓದು ಆಕಾಶದ್ದು. ನಮ್ಮ ಕ್ಷೀರಪಥದ ಸುತ್ತ ಪುಟ್ಟ ಪುಟ್ಟ ಗ್ಯಾಲಕ್ಸಿಗಳು ಸುತ್ತುತ್ತಿವೆ. ಅವು ಯಾವ ಕಡೆಗೆ, ಎಷ್ಟು ವೇಗವಾಗಿ ಹೋಗುತ್ತಿವೆ ಎಂದು ಅಳೆಯುವುದು ನನ್ನ ಪಿಎಚ್‌ಡಿ ಕೆಲಸ. ಟೆಲಿಸ್ಕೋಪು ಎಷ್ಟೋ ವರ್ಷ ಹಿಂದೆ ತೆಗೆದ ಚಿತ್ರ ಒಂದು, ಅದೇ ಜಾಗದ ಈಚಿನ ಚಿತ್ರ ಇನ್ನೊಂದು. ಎರಡನ್ನೂ ಒಂದರ ಮೇಲೊಂದು ಕೂರಿಸಿ ಪರದೆಯ ಮೇಲೆ ಅದಲುಬದಲು ಮಾಡುತ್ತೇವೆ. ತೀರಾ ದೂರದ ಗ್ಯಾಲಕ್ಸಿಗಳು ಗೂಟ ಹೊಡೆದ ಹಾಗೆ ಅಲ್ಲಾಡದೆ ನಿಂತಿರುತ್ತವೆ. ಅವುಗಳೆದುರು ನಮ್ಮ ಪುಟ್ಟ ಗ್ಯಾಲಕ್ಸಿಯ ನಕ್ಷತ್ರಗಳು ಮಾತ್ರ ಕೂದಲೆಳೆಗಿಂತ ಕಡಿಮೆ ಜರುಗಿರುತ್ತವೆ. ಅಷ್ಟು ಸಿಕ್ಕರೆ ಸಾಕು, ಮುಂದೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಗೆರೆ ಎಳೆಯಬಹುದು.

ಈ ಲೆಕ್ಕ ಮುಗಿಸಲು ದಂಡಿನಶಿವರದ ಹತ್ತಿರ ಸೋದರಮಾವನ ಮನೆಗೆ ಬಂದು ಕೂತಿದ್ದೆ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದ್ದು ಈ ಶಿವಣ್ಣ ಮಾವನೇ. ನೆಂಟರೆಲ್ಲ ಓದು ಸಾಕು, ಇವಳ ಮದುವೆ ಮಾಡಿ ಅಂದಾಗ ಎದ್ದು ನಿಂತು ಬೈದವನು ಅವನೊಬ್ಬನೇ. ನನಗೆ ಅವನಿಗಿಂತ ಹತ್ತಿರದವರು ಇನ್ಯಾರೂ ಇಲ್ಲ.

ಮನೆಯ ಮುಂದಿನ ತೋಟದಲ್ಲಿ ಅವನ ಕೊಬ್ಬರಿ ಮನೆ. ಅಟ್ಟದ ತುಂಬ ತೆಂಗಿನಕಾಯಿ. ಸಿಪ್ಪೆ ಸಮೇತ ತಿಂಗಳುಗಟ್ಟಲೆ ಅಲ್ಲೇ ಬಿದ್ದು, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಮಾವ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಲೊಟಲೊಟ ಅಂದರೆ ಆಗಿದೆ ಅಂತ ಅರ್ಥ. ಕಾವಲಿಗೆಂದು ಅಟ್ಟದ ಕೆಳಗೇ ಮಂಚ ಹಾಕಿಕೊಂಡು ಮಲಗುತ್ತಿದ್ದ.

ಸಾಲದ್ದಕ್ಕೆ ತಿಪಟೂರಿನಿಂದ ಒಂದು ಕ್ಯಾಮೆರಾ ತಂದು ಬೋರ್‌ವೆಲ್ ಪಕ್ಕದ ಕಂಬಕ್ಕೆ ಹಾಕಿಸಿದ್ದ. ತೋಟ, ಕೊಬ್ಬರಿ ಮನೆ, ಹಿಂದೆ ನಮ್ಮ ಮನೆಯ ಜಗಲಿ, ಎಲ್ಲ ಕಾಣುತ್ತಿತ್ತು. ದಿನಾ ಕತ್ತಲಾದ ಕೂಡಲೇ ಒಂದು ಫೋಟೋ ಅವನ ಮೊಬೈಲಿಗೆ ಬಂದು ಬೀಳುತ್ತಿತ್ತು. ಪುಣ್ಯಾತ್ಮ, ಒಂದನ್ನೂ ಅಳಿಸಿರಲಿಲ್ಲ.

"ಅಷ್ಟ್ ದೂರದ್ ನಕ್ಷತ್ರ ಅಳೀತೀಯಲ್ಲ ಪವಿ, ನಮ್ ತೋಟಕ್ಕೆ ಯಾವನ್ ಬತ್ತಾನೆ ಅಂತ ಒಂದ್ಸಲ ನೋಡೇ" ಅಂದ ಒಂದು ದಿನ.

"ಕಳ್ಳನ್ನ ಹಿಡ್ದ್ರೆ ನಂಗೇನ್ ಕೊಡ್ತೀಯ ಮಾವ?"

"ಎಳನೀರ್ ಕೆಡವಿ ಕೊಡ್ತೀನಿ ಬುಡು."

ತಮಾಷೆಗೆಂದೇ ಆ ಫೋಟೋಗಳನ್ನೆಲ್ಲ ನನ್ನ ಪ್ರೋಗ್ರಾಮಿಗೆ ಹಾಕಿದೆ. ದೂರದ ಗ್ಯಾಲಕ್ಸಿಗಳ ಬದಲು ತೆಂಗಿನ ಮರಗಳೇ ನನ್ನ ಗೂಟಗಳು. ಉಳಿದವುಗಳ ಜೊತೆ ಹೊಂದದೆ ಇರುವುದು ಯಾವುದಾದರೂ ಸಿಕ್ಕರೆ, ಅದು ತಪ್ಪು ಎಂದುಕೊಂಡು ಪ್ರೋಗ್ರಾಮು ತಾನೇ ಕಿತ್ತು ಹಾಕುತ್ತದೆ. ಆ ಸಂಜೆ ಅದು ಪ್ರತಿ ಫೋಟೋದಲ್ಲೂ ಒಂದೇ ಮರವನ್ನು ಕಿತ್ತು ಹಾಕುತ್ತಿತ್ತು. ಇದೇನು ಕಾಟ ಎಂದು ರೇಗಿಕೊಂಡು, ಆ ಮರವನ್ನು ದೊಡ್ಡದು ಮಾಡಿ ನೋಡಿದೆ.

ಬೋಳು ಮರ... ಗರಿಯಿಲ್ಲ, ಸುಳಿಯಿಲ್ಲ, ಬರೀ ಕಾಂಡ. ಹಳೆಯ ಫೋಟೋದಲ್ಲಿ ಬೇಲಿಯ ಹತ್ತಿರ ಇತ್ತು. ಆಮೇಲಿನದರಲ್ಲಿ ಕೊಂಚ ಈಚೆಗೆ. ಅದರ ಮುಂದಿನದರಲ್ಲಿ ಇನ್ನೂ ಈಚೆಗೆ... ಗಾಳಿಗೆ ಕ್ಯಾಮೆರಾ ಅಲುಗಿದ್ದರೆ ಎಲ್ಲ ಮರಗಳೂ ಜರುಗಬೇಕಿತ್ತು. ಉಳಿದವೆಲ್ಲ ನಿಂತಲ್ಲೇ ನಿಂತಿದ್ದವು.

"ನಮ್ ತೋಟದಾಗೆ ಬೋಳ್ ಮರ ಎಲ್ಲೈತೆ?" ಮಾವ ನಕ್ಕುಬಿಟ್ಟ.

ಮಾರನೆಯ ಬೆಳಿಗ್ಗೆ ಹೋಗಿ ನೋಡಿದೆವು. ಫೋಟೋದಲ್ಲಿ ಅದು ನಿಂತಿದ್ದ ಜಾಗದಲ್ಲಿ ಏನೂ ಇರಲಿಲ್ಲ. ಬುಡವಿಲ್ಲ, ಬೇರಿಲ್ಲ, ಗುಂಡಿಯೂ ಇಲ್ಲ. ಹುರುಳಿ ಹಸಿರಾಗಿ ಬೆಳೆದಿತ್ತು. ಕತ್ತಲಾದ ಮೇಲೆ ಬಂದ ಫೋಟೋದಲ್ಲಿ ಮಾತ್ರ ಮತ್ತೆ ನಿಂತಿತ್ತು, ಇನ್ನೊಂದು ಚೂರು ಈಚೆಗೆ.

ನಾನು ಕಲಿತದ್ದು ಒಂದೇ ಕೆಲಸ, ಅದನ್ನೇ ಮಾಡಿದೆ. ಗೆರೆ ಎಳೆದೆ. ಗೆರೆ ತೋಟ ದಾಟಿ, ಕೊಬ್ಬರಿ ಮನೆಯ ಗೋಡೆ ದಾಟಿ, ಸೀದಾ ಮಾವನ ಮಂಚಕ್ಕೆ ಹೋಗಿ ಮುಟ್ಟಿತು. ಲೆಕ್ಕ ತಪ್ಪಿರಲಪ್ಪಾ ಎಂದು ಅಂಗಲಾಚಿಕೊಂಡು ಮತ್ತೆ ಮತ್ತೆ ಮಾಡಿದೆ. ತಪ್ಪಿರಲಿಲ್ಲ.

ಲ್ಯಾಪ್‌ಟಾಪ್ ಎತ್ತಿಕೊಂಡು ಕೊಬ್ಬರಿ ಮನೆಗೆ ಓಡಿದೆ. ಮಾವ ಮಂಚದ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದ. ಬಾಯಿ ಬಿಡುವಷ್ಟರಲ್ಲಿ ಕರೆಂಟು ಹೋಯಿತು.

ಅಟ್ಟದ ಮೇಲೆ, ಬೇಲಿ ಕಡೆಯ ಮೂಲೆಯಲ್ಲಿ... ಲೊಟಲೊಟ.

"ಇಲಿ ಕಣಮ್ಮ" ಅಂದ ಮಾವ.

ಸದ್ದು ನಿಂತಿತು. ಆಮೇಲೆ ಅದರ ಪಕ್ಕದ ಕಾಯಿ. ಲೊಟಲೊಟ. ಆಮೇಲೆ ಅದರ ಈಚೆಯದು... ಯಾರೋ ಒಂದೊಂದೇ ಕಾಯನ್ನು ಎತ್ತಿ, ಕಿವಿಗೆ ಹಿಡಿದು ಅಲ್ಲಾಡಿಸಿ, ಇಟ್ಟು, ಮುಂದಿನದನ್ನು ಎತ್ತಿಕೊಳ್ಳುತ್ತಿದ್ದ ಹಾಗೆ. ಇಲಿ ಹಾಗೆ ಮಾಡುತ್ತದೆಯೇ ನೀವೇ ಹೇಳಿ. ಒಣಗಿದ ಕೊಬ್ಬರಿಯ ಕಮ್ಮನೆ ವಾಸನೆಯ ನಡುವೆ ಸುಳಿ ಕೊಳೆತ ಗಬ್ಬು ನಾತ ಎದ್ದಿತು.

"ಯಾವನ್ಲಾ ಅದು?" ಮಾವ ಕೂಗಿದ. ಅವನ ದನಿ ನಡುಗಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಸದ್ದು ನಮ್ಮ ನೆತ್ತಿಯ ಮೇಲಕ್ಕೆ ಬಂದು ನಿಂತಿತು. ಮಾವನ ಕೈ ಹಿಡಿದು ಎಳೆದುಕೊಂಡು ಹೊರಗೆ ಬಂದೆ. ಮನೆಯ ತನಕ ಇಬ್ಬರೂ ಹಿಂದೆ ತಿರುಗಲಿಲ್ಲ.

ಅತ್ತೆ ನಮ್ಮ ಮುಖ ನೋಡಿ, "ಅಯ್ಯೋ ಶಿವನೇ, ಏನಾಯ್ತ್ರೀ?" ಎಂದು ಗಾಬರಿಯಾದಳು. ಗೆರೆ ಎಲ್ಲಿಗೆ ಮುಟ್ಟುತ್ತದೆ ಎಂದು ಮಾವನಿಗೆ ಆಗ ಹೇಳಿದೆ. ಇನ್ನು ಮೇಲೆ ಅಲ್ಲಿ ಮಲಗುವುದಿಲ್ಲ ಎಂದು ಅವನ ಕೈಯನ್ನು ನನ್ನ ತಲೆ ಮೇಲೆ ಇಡಿಸಿ ಆಣೆ ಮಾಡಿಸಿಕೊಂಡೆ. ಮಂಚ ಜಗಲಿಗೆ ಬಂತು. ಬೆಳಿಗ್ಗೆಯೇ ಕಾಯನ್ನೆಲ್ಲ ಬಂದಷ್ಟು ರೇಟಿಗೆ ಮಾರಿ ಅಟ್ಟ ಖಾಲಿ ಮಾಡಿಸಿದ. ಗೆದ್ದೆ ಅಂದುಕೊಂಡು ನಾನು ವಾಪಸ್ ಹಾಸ್ಟೆಲಿಗೆ ಹೊರಟೆ.

ಆ ಫೋಟೋಗಳು ಈಗ ನನ್ನ ಮೊಬೈಲಿಗೂ ಬರುತ್ತವೆ. ಮಾವ ಅವನ್ನು ತೆರೆಯುವುದನ್ನೇ ಬಿಟ್ಟಿದ್ದಾನೆ. ನೋಡಬಾರದು ಅಂದುಕೊಂಡೇ ನೋಡುತ್ತೇನೆ. ಮೊದಮೊದಲು ಬೋಳು ಮರ ಇದ್ದಲ್ಲೇ ನಿಂತಿತ್ತು. ಎಷ್ಟು ಸಮಾಧಾನವಾಗಿತ್ತು ಅಂದರೆ, ಒಬ್ಬಳೇ ಕೂತು ಅತ್ತುಬಿಟ್ಟೆ. ಆಮೇಲೆ ಹೊಸ ಫೋಟೋಗಳನ್ನು ಹಾಕಿ ಮತ್ತೆ ಅಳೆದೆ.

ದಿಕ್ಕು ಬದಲಾಗಿತ್ತು. ಗೆರೆ ಈಗ ಜಗಲಿಗೆ ಹೋಗುತ್ತಿದೆ.

ಯಾರಿಗೆ ಹೇಳಲಿ? ನನ್ನ ಗೈಡಿಗೆ ಹೇಳಿದರೆ ರಜೆ ತಗೋ ಅನ್ನುತ್ತಾರೆ. ಮಾವನನ್ನು ಇನ್ನೆಲ್ಲಿಗೆ ಸಾಗಿಸಲಿ? ಎಲ್ಲಿಗೆ ಹೋದರೂ ಅದು ಅತ್ತ ತಿರುಗಿದರೆ? ದೂರದ ಆ ಗ್ಯಾಲಕ್ಸಿಗಳನ್ನೂ ನಾನು ಬರೀ ಅಳೆಯುತ್ತೇನೆ, ಒಂದನ್ನೂ ತಡೆದು ನಿಲ್ಲಿಸಿದವಳಲ್ಲ. ಇದೂ ಹಾಗೇ ಆಗಿಹೋಗಿದೆ.

ನಿನ್ನೆ ಕತ್ತಲಾದ ಮೇಲೆ ಮಾವ ಫೋನ್ ಮಾಡಿದ್ದ. ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಿದ್ದನಂತೆ. ಎಷ್ಟೋ ದಿನಕ್ಕೆ ನಗುತ್ತ ಮಾತಾಡುತ್ತಿದ್ದ. ಅವನ ಮಾತಿನ ಹಿಂದೆ, ತೀರಾ ಹತ್ತಿರದಲ್ಲಿ... ಲೊಟಲೊಟ.

"ಮಾವ, ಕಾಯಿ ಅಲ್ಲಾಡಿಸ್ತಿದೀಯಾ?"

"ಇಲ್ಲೆಲ್ಲೈತಮ್ಮ ಕಾಯಿ? ಎಲ್ಲಾನೂ ಮಾರ್ಬುಟ್ನಲ್ಲ." ಆಮೇಲೆ ದನಿ ತಗ್ಗಿಸಿ ಕೇಳಿದ. "ಪವಿ, ಅದು... ಈಗ ಎಲ್ಲಿಗ್ ಬಂದೈತೆ?"

"ಬೇಲಿ ಹತ್ರಕ್ಕೆ ವಾಪಸ್ ಹೋಗೈತೆ ಮಾವ" ಅಂದೆ. "ಇನ್ನೇನ್ ಭಯ ಇಲ್ಲ. ನೆಮ್ಮದಿಯಾಗಿ ಮಲಕ್ಕೋ."

"ಸರಿ ಕಣವ್ವ" ಎಂದು ಫೋನ್ ಇಟ್ಟ.