ಬೇಲಿ ಹಾಕಿಸಿದವಳು

ಮಾದಿಹಳ್ಳಿಯ ಅನಂತರಾಜರ ಮನೆಯಲ್ಲಿ ಒಂದು ಹುಳವೂ ಸಾಯಬಾರದು. ಅದನ್ನು ನೋಡಿಕೊಳ್ಳುವ ಕೆಲಸ ಸೊಸೆ ಪದ್ಮಲತಾಳದು. ಬಾವಿಯ ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಗೆ ಅಂಟಿದ ಜೀವಗಳು ಉಳಿಯಲೆಂದು ಅದನ್ನು ಜಾಲಿಸಿ, ಆ ನೀರನ್ನು ಮತ್ತೆ ಬಾವಿಗೇ ಬಿಡಬೇಕು. ಹದಿನಾಲ್ಕು ವರ್ಷದಿಂದ ಬಿಡುತ್ತಲೇ ಬಂದಿದ್ದಾಳೆ. ಹೊತ್ತು ಮುಳುಗಿದ ಮೇಲೆ ಆ ಜೈನರ ಮನೆಯಲ್ಲಿ ಯಾರೂ ಅನ್ನ ಮುಟ್ಟುವುದಿಲ್ಲ. ದೀಪಕ್ಕೆ ಬಂದ ಹುಳ ತಟ್ಟೆಗೆ ಬಿದ್ದೀತು! ಹಾಗಾಗಿ ಸಂಜೆ ಐದರಿಂದ ಆರರವರೆಗೆ ಪದ್ಮಲತಾಳಿಗೆ ಉಸಿರಾಡಲು ಪುರುಸೊತ್ತಿಲ್ಲ. ಗಂಡಸರು ತಟ್ಟೆಯ ಮುಂದೆ, ಅವಳು ಒಲೆಯ ಮುಂದೆ.

ಇಂಥ ಮನೆಯ ಹಿತ್ತಿಲಲ್ಲಿ ಗಂಡ ಧರಣೇಶ್ ಹೋದ ವರ್ಷ ಈಜುಕೊಳ ಕಟ್ಟಿಸಿದ. ಹಳೇಬೀಡು ನೋಡಲು ಬರುವವರಿಗೆ ಹೋಮ್‌ಸ್ಟೇ. ನಾಲ್ಕೂವರೆ ಅಡಿ ಆಳ, ನೀಲಿ ಟೈಲ್ಸ್, ಸುತ್ತ ಬೋಳು. ಬಂದವರ ಟವೆಲ್ ಒಗೆಯುವುದು, ನೀರಿಗೆ ಬಿದ್ದ ಕಸ ತೆಗೆಯುವುದು ಯಾರ ಪಾಲು ಎಂದು ಯಾರೂ ಕೇಳಲಿಲ್ಲ.

“ರೀ, ಬೇಲಿ ಹಾಕ್ಸಿ. ತಾನಾಗೇ ಮುಚ್ಕೊಳ್ಳೋ ಗೇಟು, ಚಿಲಕ ಮೇಲ್ಗಡೆ. ನಮ್ಮ ಸಿದ್ಧಿಗಿನ್ನೂ ನಾಲ್ಕು ವರ್ಷ.”

“ಫೋಟೋದಲ್ಲಿ ಕುರಿದೊಡ್ಡಿ ಥರ ಕಾಣುತ್ತೆ ಕಣೇ. ನೀನಿದೀಯಲ್ಲ, ಒಂದು ಕಣ್ಣಿಟ್ಟಿರು.”

“ನನಗಿರೋದೇ ಎರಡು. ಒಂದು ಒಲೆ ಮೇಲಿದೆ, ಇನ್ನೊಂದು ನಿಮ್ಮ ತಟ್ಟೆ ಮೇಲಿದೆ.”

ಅನಂತರಾಜರು ನಕ್ಕರು. “ನಮ್ಮ ಕಾಲದಲ್ಲಿ ಹುಲಿಕೆರೆ ಕೊಳಕ್ಕೆ ಯಾವ ಬೇಲಿ ಇತ್ತಮ್ಮ?”

“ಅದಕ್ಕೆ ಸುತ್ತ ಮೆಟ್ಟಿಲಿದೆ ಮಾವ. ಇದಕ್ಕಿರೋದು ನುಣ್ಣನೆ ಗೋಡೆ.”

ಆ ಶನಿವಾರ ಅತಿಥಿಗಳು ಮಧ್ಯಾಹ್ನವೇ ಹೊರಟರು. ಒಂದು ಕೆಂಪು ಚೆಂಡು ನೀರಿನಲ್ಲೇ ಉಳಿಯಿತು. ಸಂಜೆ ಧರಣೇಶ್ ಹಿತ್ತಿಲ ಬಾಗಿಲಿಗೆ ಎದುರಾಗಿ ಕೂತು ಉಣ್ಣುತ್ತಿದ್ದ, ಎಡಗೈಯಲ್ಲಿ ಫೋನು.

“ಅಪ್ಪಾ, ಚೆಂಡು ತರ್ತೀನಿ,” ಎಂದಳು ಸಿದ್ಧಿ.

“ಹೂಂ,” ಎಂದ.

“ಪದ್ಮಾ, ಹೊತ್ತಾಯ್ತು, ಇನ್ನೊಂದು ರೊಟ್ಟಿ,” ಎಂದರು ಮಾವ.

ನೀರಿಗೆ ಬಿದ್ದ ಮಗು ಕೂಗುವುದಿಲ್ಲ. ಕೂಗಬೇಕಾದರೆ ಬಾಯಿ ನೀರಿನ ಮೇಲಿರಬೇಕು. ಪದ್ಮಲತಾಳಿಗೆ ಕೇಳಿಸಿದ್ದು ಸದ್ದಲ್ಲ, ಮಗಳ ಗೆಜ್ಜೆಯ ಸದ್ದು ನಿಂತದ್ದು. ರೊಟ್ಟಿಯನ್ನು ಹೆಂಚಿನ ಮೇಲೇ ಬಿಟ್ಟು ಓಡಿದಳು, ಉಟ್ಟ ಸೀರೆಯಲ್ಲೇ ಧುಮುಕಿದಳು. ಎತ್ತಿಕೊಂಡಾಗ ಮಗುವಿಗೆ ಉಸಿರಿರಲಿಲ್ಲ. ಪಾತ್ರೆ ತೊಳೆಯುತ್ತಿದ್ದ ರುದ್ರಮ್ಮ ಬಂದು ಬಾಯಿಗೆ ಬಾಯಿಟ್ಟು ಊದಿದಳು, ಎದೆ ಒತ್ತಿದಳು, ಮತ್ತೆ ಊದಿದಳು. ಮಹಿಳಾ ಸಂಘದ ತರಬೇತಿಯಲ್ಲಿ ಕಲಿತದ್ದು. ನೀರು ಕಕ್ಕಿ ಮಗು ಅತ್ತಾಗ ಗಂಡಸರಿಬ್ಬರೂ ಎಂಜಲು ಕೈಯಲ್ಲಿ ನಿಂತಿದ್ದರು.

ಬೇಲೂರಿನ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಮನೆಗೆ ಬಂದರು. ಹೊಸಿಲು ದಾಟುವ ಮೊದಲೇ ಧರಣೇಶ್ ಕೇಳಿದ: “ನೀನೇನು ಮಾಡ್ತಿದ್ದೆ ಆಗ?”

“ರೊಟ್ಟಿ ತಟ್ತಿದ್ದೆ. ನೀವು ತಿಂತಿದ್ರಿ. ಮಗು ನಿಮಗೆ ಹೇಳಿ ಹೋಯ್ತು.”

“ಗಂಡಾಂತರ ಕಳೀತಲ್ಲ ಬಿಡಮ್ಮ,” ಎಂದರು ಮಾವ. “ಬಸದಿಯಲ್ಲಿ ಅಭಿಷೇಕ ಮಾಡಿಸೋಣ.”

“ಮೊದಲು ಬೇಲಿ.”

“ಸೀಸನ್ ಮುಗೀಲಿ,” ಎಂದ ಧರಣೇಶ್.

ಮಾರನೆಯ ಸಂಜೆ ಐದಕ್ಕೆ ಪದ್ಮಲತಾ ಕೊಳದ ಪಕ್ಕ ಕುರ್ಚಿ ಹಾಕಿಕೊಂಡು ಮಗಳಿಗೆ ತುತ್ತು ಕೊಡುತ್ತಿದ್ದಳು. ಒಲೆ ತಣ್ಣಗಿತ್ತು.

“ತೊಳೆಯಾಕೆ ಪಾತ್ರೆನೇ ಇಲ್ಲ, ಬತ್ತೀನಿ ಅಮ್ಮಾವ್ರೆ,” ಎಂದು ರುದ್ರಮ್ಮ ನಕ್ಕು ಹೊರಟಳು.

ಅನಂತರಾಜರು ಬಂದರು. “ಪದ್ಮಾ, ಹೊತ್ತು ಇಳೀತಿದೆ.”

“ನೋಡ್ತಿದೀನಿ ಮಾವ. ಒಂದು ಕಣ್ಣಿಡು ಅಂದಿದ್ರು. ಎರಡೂ ಇಟ್ಟಿದೀನಿ.”

“ಊಟ?”

“ಹಿಟ್ಟು ಡಬ್ಬದಲ್ಲಿದೆ.” ಅವಳು ಮಗಳಿಗೆ ಇನ್ನೊಂದು ತುತ್ತಿಟ್ಟಳು. “ಕಣ್ಣಿಗೆ ಕಾಣದ ಹುಳಕ್ಕೆ ಎರಡು ಮಡಿಕೆ ಬಟ್ಟೆ ಕಟ್ಟಿಸ್ತೀರಿ. ನನ್ನ ಮಗಳಿಗೆ ಅಡ್ಡ ಒಂದು ಬೇಲಿ ಕಟ್ಟೋಕೆ ಸೀಸನ್ ಮುಗೀಬೇಕಾ?”

ಅಡುಗೆಮನೆಯಲ್ಲಿ ಧರಣೇಶ್ ಡಬ್ಬಗಳನ್ನು ಒಂದೊಂದಾಗಿ ತೆಗೆದು ಮುಚ್ಚುವ ಸದ್ದು ಕೇಳುತ್ತಿತ್ತು. ಯಾವುದು ಅಕ್ಕಿಹಿಟ್ಟು ಎಂದು ಗೊತ್ತಾಗುವಷ್ಟರಲ್ಲಿ ಸೂರ್ಯ ಮುಳುಗಿದ. ಮನೆಯ ವ್ರತ, ದೊಡ್ಡವರು ಮೂವರೂ ಹಸಿದು ಮಲಗಿದರು. ಮರುದಿನ ಸಂಜೆಯೂ ಅಷ್ಟೇ.

ಮೂರನೆಯ ಬೆಳಿಗ್ಗೆ ಬೇಲೂರಿನಿಂದ ವೆಲ್ಡಿಂಗಿನವರು ಬಂದರು. ಐದಡಿ ಎತ್ತರ, ಕಾಲಿಟ್ಟು ಹತ್ತಲಾಗದ ನೇರ ಕಂಬಿಗಳು. ಗೇಟನ್ನು ಪದ್ಮಲತಾ ಇಪ್ಪತ್ತು ಸಲ ತೆಗೆದು ಕೈಬಿಟ್ಟಳು. ಇಪ್ಪತ್ತು ಸಲವೂ ತಾನಾಗಿ ಮುಚ್ಚಿ ಚಿಲಕ ಬೀಳುವುದನ್ನು ನಿಂತು ಕೇಳಿದಳು.

ಮುಂದಿನ ವಾರ ಮಕ್ಕಳೊಂದಿಗೆ ಬಂದ ಅತಿಥಿಗಳಿಗೆ ಧರಣೇಶ್ ಬೇಲಿ ತೋರಿಸುತ್ತಿದ್ದ. “ಸೇಫ್ಟಿ ನಮಗೆ ಮೊದಲು. ನಾನೇ ನಿಂತು ಹಾಕಿಸಿದ್ದು.”

ಪದ್ಮಲತಾ ಹಿಟ್ಟಿನ ಕೈಯಲ್ಲೇ ಹೊರಬಂದಳು. “ಹೌದಾ? ಹಾಗಾದ್ರೆ ನೀವೇ ನಿಂತು ಕಾಯಿರಿ. ಮಕ್ಕಳು ನೀರಲ್ಲಿರೋವರೆಗೂ. ಬೇಲಿ ಇದ್ರೂ ಕಣ್ಣು ಬೇಕು. ಫೋನ್ ಕೊಡಿ.”

ಅವನು ಅತಿಥಿಗಳ ಮುಖ ನೋಡಿದ. ಫೋನ್ ಕೊಟ್ಟ.

ಮಕ್ಕಳು ಮೇಲೆ ಬಂದು, ಗೇಟಿನ ಚಿಲಕ ಬಿದ್ದು, ಅವನು ತಟ್ಟೆಯ ಮುಂದೆ ಕೂರುವಾಗ ಹೊತ್ತು ಮುಳುಗಲು ಐದು ನಿಮಿಷವಿತ್ತು. ರೊಟ್ಟಿ ತಣ್ಣಗಾಗಿತ್ತು. ಹದಿನಾಲ್ಕು ವರ್ಷ ಪದ್ಮಲತಾ ತಿಂದದ್ದು ಅಂಥದ್ದನ್ನೇ.