ನೀರು ಹಾಕದ ಹೊಳೆ

ದಾವಣಗೆರೆಯ ಶಾಲೆಗಳ ವಿಜ್ಞಾನ ಪ್ರದರ್ಶನದಲ್ಲಿ ಹೊಗೆಯುಗುಳುವ ಜ್ವಾಲಾಮುಖಿಗಳಲ್ಲಿ ಅರ್ಧಕ್ಕರ್ಧ ನಾನು ಮಾಡಿದವು. ಮಳೆನೀರು ಕೊಯ್ಲು, ಗಾಳಿಯಂತ್ರ, ಆದರ್ಶ ಗ್ರಾಮ ಎಲ್ಲವೂ ನನ್ನ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಹುಟ್ಟಿ, ಯಾರದೋ ಮಗುವಿನ ಹೆಸರು ಅಂಟಿಸಿಕೊಂಡು ಹೊರಡುತ್ತವೆ. ಬಹುಮಾನ ಬಂದರೆ ಮಗು ಜಾಣ, ಬರದಿದ್ದರೆ ಅಕ್ಕಾರ ಕೆಲಸ ಸರಿಯಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು, ಈಗ ತಲೆ ಕೆಡಿಸಿಕೊಳ್ಳುವುದಿಲ್ಲ.

ಎಲ್ಲದಕ್ಕೂ ತಳಪಾಯ ಥರ್ಮೊಕೋಲ್. ಹೊಸ ಹಾಳೆ ಕೊಳ್ಳುವ ಚಟ ನನಗಿಲ್ಲ. ಫ್ರಿಜ್ ಮಾರುವ ಅಂಗಡಿಯ ಹಿಂದೆ ಅದರ ರಾಶಿಯೇ ಬಿದ್ದಿರುತ್ತದೆ. ಕೇಳಿದರೆ, "ಒಯ್ರಿ ಅಕ್ಕಾರೆ, ನಮಗೂ ಜಾಗ ಖಾಲಿ ಆಗ್ತೈತೆ" ಅನ್ನುತ್ತಾರೆ. ಬಿಲ್ಲಿನಂತೆ ಬಗ್ಗಿಸಿದ ಕಂಬಿಗೆ ತೆಳ್ಳನೆಯ ತಂತಿ ಬಿಗಿದು ಹಳೆಯ ಚಾರ್ಜರಿನಿಂದ ಕಾಯಿಸಿದರೆ ಬೆಣ್ಣೆ ಕೊಯ್ದಂತೆ ಕೊಯ್ಯಬಹುದು. ಹಾಳೆಯ ಮೇಲೆ ಹಾಳೆ ಅಂಟಿಸಿ ಗುಡ್ಡ ಏರಿಸುವುದು, ಮೈದಾ ಅಂಟಿನಲ್ಲಿ ಅದ್ದಿದ ಪೇಪರು ಮೆತ್ತುವುದು, ಮೇಲೆ ಗೋಡೆಗೆ ಬಳಿಯುವ ಪುಟ್ಟಿ. ಮಣ್ಣಿಗೆ ಸೋಸಿ ಒಣಗಿಸಿದ ಚಹಾಪುಡಿ, ಹುಲ್ಲಿಗೆ ಬಣ್ಣ ಕಲಸಿದ ಮರದ ಹೊಟ್ಟು. ನೀರು ಮಾತ್ರ ಯಾವಾಗಲೂ ಕೊನೆಗೆ. ನೀಲಿ ಬಳಿದು, ಅದರ ಮೇಲೆ ಬಿಳಿ ಗೋಂದನ್ನು ದಪ್ಪಗೆ ಸುರಿದು ಎರಡು ದಿನ ಬಿಟ್ಟರೆ ಗಾಜಿನ ಹಾಗೆ ಹೊಳೆಯುತ್ತದೆ. ನೀರು ಹಾಕಿದ ಮೇಲೆ ಕೆಳಗಿನ ತಪ್ಪೆಲ್ಲ ಮುಚ್ಚಿಹೋಗುತ್ತದೆ, ಅದೊಂದು ಅನುಕೂಲ.

ಇಷ್ಟೆಲ್ಲ ಗೊತ್ತಿದ್ದವಳು ನನ್ನ ಅವ್ವನಿಗಾಗಿ ಒಂದು ಹೊಳೆ ಮಾಡಲು ಹೋಗಿ ಎಡವಿದೆ.

ಏಳು ವರ್ಷದ ಹಿಂದೆ, ಯುಗಾದಿಗೆ ವಾರವಿದ್ದಾಗ, ನನ್ನ ತಮ್ಮ ಹರಿಹರದ ಹೊಳೆಯಲ್ಲಿ ಮುಳುಗಿ ಸತ್ತ. ಇಪ್ಪತ್ತೆಂಟು ವರ್ಷದವನು. ಮಂಡಕ್ಕಿ ಭಟ್ಟಿಯಿಂದ ಅಂಗಡಿಗಳಿಗೆ ಚೀಲ ಸಾಗಿಸುವ ಲಗೇಜ್ ಆಟೊ ಓಡಿಸುತ್ತಿದ್ದ. ಹಬ್ಬದ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆಯುವುದು ನಮ್ಮಲ್ಲಿ ಬಿಡದ ಪದ್ಧತಿ. ಅವ್ವನ ತವರು ಹರಿಹರ. ನಲ್ಲಿ ನೀರಿನಲ್ಲಿ ಒಗೆದ ಕೌದಿ ಅವಳ ಲೆಕ್ಕದಲ್ಲಿ ಒಗೆದದ್ದೇ ಅಲ್ಲ. ಆ ವರ್ಷ ಮೊಣಕಾಲು ನೋವೆಂದು ಅವಳು ಮನೆಯಲ್ಲೇ ಉಳಿದಳು. ನಾನು ಮತ್ತು ತಮ್ಮ ಎಂಟು ಕೌದಿಗಳನ್ನು ಆಟೊದಲ್ಲಿ ಹೇರಿಕೊಂಡು ಹೋದೆವು.

"ಆಟ ಆಡುತ್ತ ನೀರಿಗಿಳಿದ, ಮುಂದೆ ಮುಂದೆ ಹೋದ." ನಾನು ಪೊಲೀಸರಿಗೆ ಹೇಳಿದ್ದು ಇದನ್ನೇ, ನೆಂಟರಿಗೆ ಹೇಳಿದ್ದು ಇದನ್ನೇ, ಅವ್ವನಿಗೂ ಇದನ್ನೇ.

ಅದು ಸುಳ್ಳು. ನಡೆದದ್ದು ಇಷ್ಟು. ಒಗೆದ ಕೌದಿಯೊಂದು ನನ್ನ ಕೈಯಿಂದ ಜಾರಿ ನೀರಿನಲ್ಲಿ ತೇಲಿಕೊಂಡು ಹೊರಟಿತು. ಅವ್ವ ಹಳೆಯ ಸೀರೆಗಳನ್ನು ಕೂಡಿಸಿ ತಿಂಗಳುಗಟ್ಟಲೆ ಕೂತು ಹೊಲಿದ ಹಸಿರಂಚಿನ ಕೌದಿ. ತಮ್ಮ ದಡದಲ್ಲಿ ಮೊಬೈಲು ನೋಡುತ್ತ ಕೂತಿದ್ದ. "ಕೌದಿ ಹೋಗ್ತೈತೆ, ಹಿಡಿಯೋ" ಎಂದು ಕೂಗಿದೆ. "ಹೋದ್ರೆ ಹೋಗ್ಲಿ ಬಿಡಕ್ಕ" ಅಂದ. "ಅವ್ವ ಕೇಳಿದ್ರೆ ಏನ್ ಹೇಳ್ಲಿ? ಒಂದ್ ಕೆಲಸಕ್ಕೆ ಬರಲ್ಲ ನೀನು" ಎಂದು ಬೈದೆ. ಪ್ಯಾಂಟು ಮಡಚಿಕೊಂಡು ನೀರಿಗಿಳಿದ. ಮೊಣಕಾಲುದ್ದದ ನೀರಿನಲ್ಲಿ ಹೆಜ್ಜೆ ಹಾಕುತ್ತಿದ್ದವನು ಒಮ್ಮೆಲೇ ಇರಲಿಲ್ಲ. ನಾನು ಕೂಗಿದ್ದು ಕೇಳಿ ತೆಪ್ಪದವರು ಬಂದರು. ಮೇಲೆ ತಂದು ಮಲಗಿಸಿದಾಗ ಅವರಲ್ಲೊಬ್ಬ, "ಎರಡಾಳು ಆಳ ಐತ್ರಿ, ಮರಳು ಬಗ್ದ ಗುಂಡಿ" ಅಂದ. ಕೌದಿ ಸ್ವಲ್ಪ ದೂರದಲ್ಲಿ ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡು ತಾನಾಗಿಯೇ ನಿಂತಿತ್ತು.

ಅವ್ವ ಅಳಲಿಲ್ಲ. ಸಿಟ್ಟಾದಳು. ತೆಪ್ಪದವರು ಹೇಳಿದ ಗುಂಡಿಯ ಮಾತನ್ನು ಅವಳು ನಂಬಲೇ ಇಲ್ಲ. ಹುಡುಗಿಯಾಗಿದ್ದಾಗ ಬೇಸಿಗೆಯಲ್ಲಿ ಸೀರೆ ಎತ್ತಿ ಕಟ್ಟಿ ಈ ದಡದಿಂದ ಆ ದಡಕ್ಕೆ ನಡೆದು ಹೋದವಳು. "ನನಗೆ ಹೇಳ್ತೀಯೇನೇ ಆ ಹೊಳಿ ವಿಷ್ಯ? ಮೊಣಕಾಲುದ್ದ ನೀರಾಗೆ ಯಾರಾದ್ರೂ ಮುಳುಗ್ತಾರಾ? ಎಲ್ಲೋ ಮಡುವಿನ ಕಡೆ ಹೋಗ್ಯಾನೆ. ಹುಟ್ಟಿದಾಗಿಂದ ಯಾರ ಮಾತ್ ಕೇಳ್ಯಾನೆ ಅವ್ನು?" ಗೋಡೆಗೆ ಹಾಕಲು ದೊಡ್ಡದು ಮಾಡಿಸಿದ ಅವನ ಫೋಟೊವನ್ನು ಟ್ರಂಕಿನಲ್ಲಿ ಮುಖ ಕೆಳಗಾಗಿ ಇಟ್ಟಳು. ಹಿರಿಯರ ಹಬ್ಬದಲ್ಲಿ ಎಲ್ಲರಿಗೂ ಎಡೆ, ಅವನಿಗಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಸಕ್ಕರೆ ಕಾಯಿಲೆ ಅವಳ ಕಣ್ಣು ತಿಂದು ಮುಗಿಸಿತು. ಫೋಟೊ ಹೊರಗಿದ್ದರೂ ಒಳಗಿದ್ದರೂ ಅವಳಿಗೆ ಒಂದೇ ಆಗಿತ್ತು. ಆದರೂ ತೆಗೆಯಗೊಡಲಿಲ್ಲ.

ಹೋದ ವರ್ಷ ಅವಳು ಹಾಸಿಗೆ ಹಿಡಿದು ಎದ್ದಳು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಜೋಪಾನ ಎಂದರು. ಆಗ ನನಗೆ ಹೆದರಿಕೆಯಾಯಿತು. ಸತ್ತ ಮಗನ ಮೇಲಿನ ಸಿಟ್ಟನ್ನು ಕಟ್ಟಿಕೊಂಡೇ ಇವಳು ಹೋಗಿಬಿಟ್ಟರೆ? ಆ ಸಿಟ್ಟು ಸಲ್ಲಬೇಕಾದದ್ದು ಅವನಿಗಲ್ಲ, ನನಗೆ. ಆದರೆ ನಿಜ ಹೇಳಲು ನಾಲಿಗೆ ಹೊರಳದು. ಹಾಗಾಗಿ ಗುಂಡಿಯನ್ನಾದರೂ ಅವಳ ಕೈಗೆ ಮುಟ್ಟಿಸೋಣ ಎಂದುಕೊಂಡೆ. ಎಲ್ಲವನ್ನೂ ಗುಂಡಿಯ ಮೇಲೆ ಹೊರಿಸಿ ನಾನು ಕೈ ತೊಳೆದುಕೊಳ್ಳುವ ಆಸೆಯೂ ಅದರಲ್ಲಿತ್ತು. ಇಲ್ಲ ಎಂದು ಯಾಕೆ ಹೇಳಲಿ.

ಮೊದಲ ಹೊಳೆಯನ್ನು ರೂಢಿಯಂತೆ ಮಾಡಿದೆ. ಗುಂಡಿ ಕೊರೆದು, ಬಣ್ಣ ಬಳಿದು, ಕೊನೆಗೆ ಗೋಂದಿನ ನೀರು ಸುರಿದೆ. ಒಣಗಿದ ಮೇಲೆ ಅವ್ವನ ಕೈ ಹಿಡಿದು ಅದರ ಮೇಲಿಟ್ಟೆ. ಅವಳ ಅಂಗೈ ಈ ತುದಿಯಿಂದ ಆ ತುದಿಯವರೆಗೆ ಸಲೀಸಾಗಿ ಜಾರಿತು. "ನೋಡು, ಸಪಾಟೈತೆ. ನಾ ಹೇಳ್ಲಿಲ್ವಾ?" ಅಂದಳು. ಗೆದ್ದವಳ ದನಿ. ಕಣ್ಣಿಲ್ಲದವಳಿಗೆ ಹೊಳೆಯುವ ನೀರು ಮಾಡಿಕೊಟ್ಟ ನನ್ನ ಬುದ್ಧಿಗೆ ಏನನ್ನಬೇಕು? ಅಂದು ನನ್ನ ತಮ್ಮನೂ ಅದೇ ಸಪಾಟನ್ನೇ ನೋಡಿ ಕಾಲಿಟ್ಟಿದ್ದು.

ಎರಡನೆಯದಕ್ಕೆ ಕೈ ಹಾಕುವ ಮುಂಚೆ ಹರಿಹರಕ್ಕೆ ಹೋದೆ. ಆರು ವರ್ಷದಲ್ಲಿ ಅದೇ ಮೊದಲು. ಬೇಸಿಗೆ, ನೀರು ತೀರಾ ಇಳಿದಿತ್ತು. ಬಟ್ಟೆ ಒಗೆಯುವ ಬಂಡೆ ಅಲ್ಲೇ ಇತ್ತು, ಮರಳು ತೆಗೆದ ಗುಂಡಿಗಳು ಬೇರೆ ಬೇರೆಯಾಗಿ ಹಸಿರುಗಟ್ಟಿ ನಿಂತಿದ್ದವು. ಬಂಡೆಯಿಂದ ಗುಂಡಿಯ ಅಂಚಿಗೆ ಹೆಜ್ಜೆ ಎಣಿಸುತ್ತ ಹೊರಟಾಗ, ಒಗೆಯುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ, "ಆ ಕಡೆ ಹೋಗ್ಬ್ಯಾಡ್ರಿ, ಗುಂಡಿ ಐತೆ" ಎಂದು ಕೂಗಿದಳು. ಎಷ್ಟು ಸುಲಭದ ಮಾತು. ಅಂದು ಯಾರಾದರೂ ಅದನ್ನು ಹೇಳಿದ್ದರೆ ಎಂದು ಅಲ್ಲೇ ನಿಂತು ಅತ್ತೆ. ಅವಳು ಗಾಬರಿಯಾಗಿ ನೀರಿನ ಬಾಟಲಿ ತಂದುಕೊಟ್ಟಳು.

ಅರ್ಧ ಇಂಚಿಗೆ ಒಂದಡಿ ಎಂದು ಅಳತೆ ಇಟ್ಟುಕೊಂಡೆ. ನನ್ನ ಕೆಲಸವೆಲ್ಲ ತಳದಿಂದ ಮೇಲೇರಿಸುವುದು. ಈ ಸಲ ಕೆಳಗೆ ಇಳಿಯಬೇಕಿತ್ತು. ಎರಡಾಳು ಆಳಕ್ಕೆ ಅರ್ಧ ಇಂಚಿನ ಹನ್ನೆರಡು ಹಾಳೆ. ಒಂದೊಂದರಲ್ಲೂ ತೂತು ಕೊರೆದು ಒಂದರ ಮೇಲೊಂದು ಅಂಟಿಸಿದೆ. ಅಂಚಿಗೆ ಹೊಳೆಯಿಂದಲೇ ತಂದ ಮರಳನ್ನು ಗೋಂದಿನಲ್ಲಿ ಕಲಸಿ ಮೆತ್ತಿದೆ. ದಡ, ಮೆಟ್ಟಿಲು, ಬಂಡೆ ಎಲ್ಲವನ್ನೂ ಹೆಜ್ಜೆ ಲೆಕ್ಕದಲ್ಲಿ ಇದ್ದಲ್ಲೇ ಇಟ್ಟೆ. ನೀರು ಹಾಕಲಿಲ್ಲ. ಕೊನೆಗೆ ತಂತಿಗೆ ನೂಲು ಸುತ್ತಿ ಮೂರು ಇಂಚಿಗಿಂತ ಚಿಕ್ಕದಾದ ಒಬ್ಬ ಮನುಷ್ಯನನ್ನು ಮಾಡಿದೆ.

ಮಧ್ಯಾಹ್ನ ಊಟವಾದ ಮೇಲೆ ಅವ್ವನ ಮಂಚದ ಮುಂದೆ ಎರಡು ಸ್ಟೂಲು ಜೋಡಿಸಿ ಅದರ ಮೇಲೆ ಇಟ್ಟೆ. ಮೊದಲು ಮೆಟ್ಟಿಲು ಸಿಕ್ಕಿತು ಅವಳ ಬೆರಳಿಗೆ. ಆಮೇಲೆ ಬಂಡೆ. "ಇದು ನಮ್ಮ ಒಗಿಯೋ ಬಂಡಿ" ಎಂದು ಅವಳೇ ಗುರುತು ಹಿಡಿದಳು. ಮುಖ ಒಂಚೂರು ಅರಳಿತು. ಮರಳನ್ನು ಸವರಿದಳು. ಬೆರಳು ಹಾಗೇ ಮುಂದೆ ಹೋಗಿ ಅಂಚಿನಲ್ಲಿ ಜಾರಿತು. ಕೈ ಅರ್ಧ ಅಂಗೈಯವರೆಗೆ ಒಳಗೆ ಇಳಿಯಿತು. ಇನ್ನೂ ತಳ ಸಿಕ್ಕಿರಲಿಲ್ಲ.

"ಇಷ್ಟ್ ಆಳ ನಮ್ಮ ಹೊಳ್ಯಾಗೆ ಎಲ್ಲಿತ್ತೇ?"

"ನಿನ್ನ ಕಾಲಕ್ಕೆ ಇರ್ಲಿಲ್ಲ ಅವ್ವ. ಮರಳು ಬಗ್ದಾರೆ."

ಕೈಯನ್ನು ಇನ್ನೂ ಕೆಳಗೆ ಇಳಿಸಿ ತಳ ಮುಟ್ಟಿ ನೋಡಿದಳು. ಆಮೇಲೆ, "ಅವ್ನೆಲ್ಲಿ?" ಅಂದಳು. ನೂಲಿನ ಮನುಷ್ಯನನ್ನು ಕೊಟ್ಟೆ. ತಲೆ, ಕೈಕಾಲು ಮುಟ್ಟಿ ನೋಡಿ, ಮೆಲ್ಲಗೆ ಗುಂಡಿಯೊಳಗೆ ನಿಲ್ಲಿಸಿದಳು. ಅವನ ತಲೆಯ ಮೇಲೆ ಇನ್ನೆಷ್ಟು ಆಳ ಉಳಿದಿದೆ ಎಂದು ಬೆರಳಿಟ್ಟು ನೋಡಿದಳು. ನಾನು ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವಳು ಬಂಡೆಯಿಂದ ಗುಂಡಿಯವರೆಗೆ ಗೇಣು ಹಾಕತೊಡಗಿದಳು. ಒಂದು ಗೇಣು, ಮತ್ತೆ ಮುಕ್ಕಾಲು.

"ಬಂಡಿ ಅಲ್ಲೈತೆ, ಗುಂಡಿ ಇಲ್ಲೈತೆ. ಆಟ ಆಡೋನು ದಡದಾಗೆ ಆಡ್ತಾನೆ. ನೀರು ಅಂದ್ರೆ ಹೆದ್ರುತಿದ್ದ ಅವ್ನು. ಇಷ್ಟ್ ದೂರ ಯಾಕ ಬಂದ?"

ಬಂಡೆಯನ್ನು ಇಡದೇ ಬಿಡಬಹುದಿತ್ತು. ಗುಂಡಿಯನ್ನು ಹತ್ತಿರ ಎಳೆದುಬಿಡಬಹುದಿತ್ತು, ಯಾರು ಕೇಳುತ್ತಿದ್ದರು? ಅಳತೆ ತಪ್ಪಬಾರದೆಂಬ ಕಸುಬಿನ ಹಟ ನನ್ನನ್ನು ಹಿಡಿದುಕೊಟ್ಟಿತು.

"ನಾನು ಕಳಿಸ್ದೆ ಅವ್ವ. ಕೌದಿ ತೇಲಿ ಹೋಗ್ತಿತ್ತು. ಹಿಡಿಯೋ ಅಂದೆ. ಒಲ್ಲೆ ಅಂದ. ಬೈದೆ. ಹೋದ."

"ಯಾವ ಕೌದಿ?"

"ಹಸಿರಂಚಿಂದು."

ಅವಳು ಅದರ ಮೇಲೆಯೇ ಕೂತಿದ್ದಳು. ಆರು ವರ್ಷದಿಂದ ದಿನವೂ ಹೊದೆಯುತ್ತಿದ್ದದ್ದೂ ಅದನ್ನೇ. ಕೈಯಿಂದ ಅಂಚನ್ನು ಹುಡುಕಿ ಹಿಡಿದುಕೊಂಡಳು. ಬೈಗುಳಕ್ಕೆ, ಹೊಡೆತಕ್ಕೆ ನಾನು ತಲೆ ತಗ್ಗಿಸಿ ಕಾದೆ.

"ಹಂಗಾದ್ರೆ ಅವ್ನು ಮಾತ್ ಕೇಳಿದ್ನಲ್ಲೇ" ಅಂದಳು.

ಆಮೇಲೆ ಅತ್ತಳು. ಮಣ್ಣು ಮಾಡುವ ದಿನವೂ ಅಳದವಳು ಒಂದು ಕೈಯಲ್ಲಿ ಕೌದಿಯ ಅಂಚು, ಇನ್ನೊಂದು ಕೈ ಗುಂಡಿಯೊಳಗೆ ಇಟ್ಟುಕೊಂಡು, "ಮಾತ್ ಕೇಳಿದೋನ್ನ ಆರ್ ವರ್ಷ ಬೈದೆನಲ್ಲೋ ತಂದೆ" ಎಂದು ಅತ್ತಳು. ನಾನು ಮುಟ್ಟಲು ಹೋದರೆ ಭುಜ ಸರಿಸಿಕೊಂಡಳು. ಅತ್ತು ಮುಗಿದ ಮೇಲೆ, ಟ್ರಂಕಿನಿಂದ ಫೋಟೊ ತೆಗೆದು ಗೋಡೆಗೆ ಹಾಕು ಎಂದಳು. ಹಾಕಿದೆ. ಗೋಡೆಯ ಯಾವ ಜಾಗದಲ್ಲಿದೆ ಎಂದು ಕೈಯಿಂದ ಮುಟ್ಟಿ ತಿಳಿದುಕೊಂಡಳು.

ಆ ವರ್ಷದ ಹಿರಿಯರ ಹಬ್ಬದಲ್ಲಿ ಅವನಿಗೂ ಎಡೆ ಇಟ್ಟೆವು. ಕೌದಿಯನ್ನು ಮಡಚಿ ಟ್ರಂಕಿಗೆ ಹಾಕಿಸಿದ್ದಾಳೆ, ಈಗ ಅಂಗಡಿಯಿಂದ ತಂದ ಹೊದಿಕೆ ಹೊದೆಯುತ್ತಾಳೆ. ಅವನನ್ನು ಬೈಯುವುದು ನಿಂತಿದೆ. ನನ್ನ ಜೊತೆ ಊಟ, ಮಾತ್ರೆ, ಸ್ನಾನ ಎಂದು ಬೇಕಾದಷ್ಟು ಮಾತ್ರ ಮಾತನಾಡುತ್ತಾಳೆ. ಆ ದಿನದ ಬಗ್ಗೆ ಒಂದು ಮಾತೂ ಆಡಿಲ್ಲ. ಅವನನ್ನು ಬೈದದ್ದರಲ್ಲಿ ಕಾಲುಭಾಗವಾದರೂ ನನ್ನನ್ನು ಬೈಯಲಿ ಎಂದು ದಿನಾ ಬೆಳಿಗ್ಗೆ ಚಹಾ ಕೊಟ್ಟು ಸ್ವಲ್ಪ ಹೊತ್ತು ಅವಳ ಮುಂದೆ ನಿಲ್ಲುತ್ತೇನೆ. ಅವಳು ಚಹಾ ಕುಡಿದು ಲೋಟ ಕೊಡುತ್ತಾಳೆ.