ಗುಂಡ ಕಣ್ಣುಬಿಟ್ಟ ಬೆಳಗು

ಆಗೆಲ್ಲ ನಮ್ಮೂರು ದೇವನೂರಿನಲ್ಲಿ ಇಲಿ ಅಂದರೆ ಬೋನಿಗೆ ಬೀಳಬೇಕಾದ ಪ್ರಾಣಿ. ಅದನ್ನು ಮನೆಯೊಳಗೆ ಕೂರಿಸಿ, ಸೌತೆಕಾಯಿ ಹೆಚ್ಚಿಕೊಟ್ಟು ಸಾಕುತ್ತಾರೆಂದರೆ ಜನ ನಗುತ್ತಿದ್ದರು. ನಾನು ಆರನೇ ಕ್ಲಾಸಿನಲ್ಲಿದ್ದ ಚಳಿಗಾಲದಲ್ಲಿ ಸೋದರಮಾವ ಮೈಸೂರಿನಿಂದ ಬಂದ. ಬಸ್ಸಿಳಿಯುವಾಗ ಅವನು ಎದೆಗವಚಿಕೊಂಡಿದ್ದ ಪ್ಲಾಸ್ಟಿಕ್ ಡಬ್ಬದೊಳಗೆ ಬೆಲ್ಲದ ಬಣ್ಣದ ಪುಟಾಣಿ ಜೀವವೊಂದಿತ್ತು. ಕಾಳುಮೆಣಸಿನಂಥ ಕಣ್ಣು, ಇದೆಯೋ ಇಲ್ಲವೋ ಅನ್ನುವಷ್ಟು ಮೋಟು ಬಾಲ.

"ಇದು ಇಲಿ ಅಲ್ಲ ಕಣ್ರೋ, ಹ್ಯಾಮ್‌ಸ್ಟರು. ನಮ್ಮ ಓನರು ಬಾಡಿಗೆ ಮನೇಲಿ ಪ್ರಾಣಿ ಸಾಕ್ಬ್ಯಾಡ ಅಂದ್ಬುಟ್ರು. ನೀವು ಸಾಕ್ಕಳಿ," ಅಂದ.

ನನಗೂ ತಮ್ಮ ಚಂದುವಿಗೂ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ರಾಗಿ ಕೇರುತ್ತಿದ್ದ ಅಜ್ಜಿ ಮಾತ್ರ ಮೊರ ಕೆಳಗಿಟ್ಟು ಬಗ್ಗಿ ನೋಡಿದಳು.

"ಎಸ್ರು ಏನಾರ ಇಟ್ಕಳಿ, ಇಲಿ ಇಲೀನೇ. ರಾಗಿ ಚೀಲದ ತಾವ ಬಂದ್ರೆ ಪೊರಕೇಲಿ ಬಾರಿಸ್ಬುಡ್ತೀನಿ."

ದುಂಡಗಿದೆಯೆಂದು ಚಂದು ಅದಕ್ಕೆ ಗುಂಡ ಎಂದು ಹೆಸರಿಟ್ಟ. ಜಗಲಿಯ ಮೇಲೆ ಮಾವ ಪಾಠ ಶುರುಮಾಡಿದ. ನೀರೆರೆದು ಸ್ನಾನ ಮಾಡಿಸಬಾರದು. ಈರುಳ್ಳಿ, ನಿಂಬೆಹಣ್ಣು ಕೊಡಬಾರದು. ಮಲಗಲು ಕಾಗದ ಹರಿದು ಹಾಸಬೇಕು. "ಮ್ಯಾಲಿಂದ ಗಬಕ್ಕಂತ ಇಡೀಬ್ಯಾಡಿ, ಆಕಾಸದಿಂದ ಅದ್ದು ಎರಗ್ತು ಅನ್ಕತದೆ. ಕೈ ಚಾಚ್ಕಂಡು ಸುಮ್ಕೆ ಕುಂತ್ಕಳಿ. ತಾನಾಗೇ ಬರ್ಲಿ."

ಮಾರನೆಯ ದಿನದಿಂದ ಶಾಲೆಯ ಗಂಟೆ ಹೊಡೆದದ್ದೇ ತಡ, ಬ್ಯಾಗು ಬೆನ್ನಿಗೆ ಬಡಿಯುವಂತೆ ಓಡಿಬರುತ್ತಿದ್ದೆವು. ಕೈ ತೊಳೆದು, ಅಂಗೈಯಲ್ಲಿ ಸೂರ್ಯಕಾಂತಿ ಬೀಜ ಇಟ್ಟುಕೊಂಡು ಡಬ್ಬದೊಳಗೆ ಕೈಚಾಚುವುದು. ಗುಂಡ ಮೂಗು ಅಲ್ಲಾಡಿಸಿಕೊಂಡು ಬರುವುದು, ಬೀಜ ಕಸಿದು ಓಡುವುದು. ಅವಸರಪಟ್ಟ ಚಂದು ಒಮ್ಮೆ ಕಚ್ಚಿಸಿಕೊಂಡೂ ಆಯಿತು. ಕೊನೆಗೊಂದು ಸಂಜೆ ಅದು ನನ್ನ ಬೆರಳು ಮೂಸಿ, ಮುಂಗಾಲಿಟ್ಟು, ಪೂರ್ತಿ ಅಂಗೈಗೆ ಹತ್ತಿಬಿಟ್ಟಿತು! ಅದರ ಎದೆ ಡವಗುಟ್ಟುವುದು ನನ್ನ ಚರ್ಮಕ್ಕೇ ಗೊತ್ತಾಗುತ್ತಿತ್ತು.

"ಅಕ್ಕಾ, ಉಸ್ರು ಬಿಡ್ಬ್ಯಾಡ!" ಚಂದು ಪಿಸುಗುಟ್ಟಿದ.

ಇನ್ನೊಮ್ಮೆ ಗುಂಡನ ಎರಡೂ ಕೆನ್ನೆ ಊದಿಕೊಂಡಿದ್ದವು. "ಅಜ್ಜೀ, ಗುಂಡುಂಗೆ ಮಂಗನಬಾವು!" ಎಂದು ಚಂದು ಕಿರುಚಿಕೊಂಡ. ಎಲ್ಲರೂ ಗಾಬರಿಯಿಂದ ನೋಡುತ್ತಿದ್ದಂತೆ ಗುಂಡ ಮೂಲೆಗೆ ಹೋಗಿ, ಕೆನ್ನೆಯೊಳಗಿಂದ ಕಡಲೆಕಾಯಿ ಬೀಜಗಳನ್ನು ಒಂದೊಂದಾಗಿ ಉಗುಳಿ ಬಚ್ಚಿಟ್ಟಿತು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಎಲಾ ಇವ್ನ! ಸಂಸಾರಸ್ತ ಕಣ್ಲಾ ಇವ್ನು."

ಸಂಕ್ರಾಂತಿ ಹತ್ತಿರದ ಒಂದು ಬೆಳಿಗ್ಗೆ ಗುಂಡ ಏಳಲಿಲ್ಲ. ಹಿಂದಿನ ಸಂಜೆ ಗಾಳಿಯಾಡಲೆಂದು ನಾವೇ ಡಬ್ಬವನ್ನು ಕಿಟಕಿಯಲ್ಲಿಟ್ಟಿದ್ದೆವು. ಮುಟ್ಟಿದರೆ ಮೈ ತಣ್ಣಗೆ, ಕಲ್ಲಿನ ಹಾಗೆ. ಚಂದು ಹೋ ಎಂದು ಅತ್ತ. ಅವ್ವ ಅವನ ತಲೆ ಸವರಿ, "ಇತ್ಲಲ್ಲಿ ಮಣ್ಣು ಮಾಡವಾ ಬಾ ಮಗ," ಅಂದಳು.

"ಕೊಡಿಲ್ಲಿ," ಎಂದಳು ಅಜ್ಜಿ.

ಅಲ್ಲಿಯವರೆಗೆ ಒಮ್ಮೆಯೂ ಮುಟ್ಟದಿದ್ದ ಗುಂಡನನ್ನು ಬೊಗಸೆಯಲ್ಲಿ ಎತ್ತಿ ಸೆರಗಿನಲ್ಲಿ ಸುತ್ತಿದಳು. ಒಲೆಯಿಂದ ತುಸು ದೂರ ಕೂತು ಮಡಿಲಲ್ಲಿಟ್ಟುಕೊಂಡಳು. "ಚಳೀಗೆ ಕೋಳಿಮರೀನೂ ಇಂಗೇ ಮರಗಟ್ಕತವೆ. ಬೆಂಕಿ ತಾವ ಇಡೀಬಾರ್ದು. ಮೈಬಿಸಿ ಸಾಕು. ತಡ್ಕಳಿ."

ಒಲೆಯ ಮೇಲಿನ ಮುದ್ದೆಯ ಹಿಟ್ಟು ತಳಹತ್ತಿ ವಾಸನೆ ಬಂತು. ಯಾರೂ ಅಲ್ಲಾಡಲಿಲ್ಲ. ಶಾಲೆಗೆ ಹೊರಡುವ ಹೊತ್ತೂ ಮೀರಿತು. ಆಗ ಸೆರಗಿನ ಮಡಿಕೆಯಲ್ಲಿ ಒಂದು ಮೀಸೆ ನಡುಗಿತು. ಆಮೇಲೆ ಮೂಗು. ಆಮೇಲೆ ಒಂದು ಕಾಲು.

"ಕಣ್ಬುಡ್ತು! ಕಣ್ಬುಡ್ತು ಕಣ್ಲಾ ಚಂದೂ!" ಎಂದು ಮೊದಲು ಕೂಗಿದ್ದು ಅಜ್ಜಿಯೇ. ಚಂದು ಅಂಗಳಕ್ಕೆ ಹಾರಿ, ಬೀದಿಯಲ್ಲಿ ಹೋಗುವವರಿಗೆಲ್ಲ ಗುಂಡ ಬದುಕಿದನೆಂದು ಸಾರುತ್ತ ಕುಣಿದ. ಅಂದಿನಿಂದ ಡಬ್ಬದ ಜಾಗ ಅಡುಗೆಮನೆಯ ಬೆಚ್ಚನೆಯ ಗೋಡೆಯ ಪಕ್ಕ. ಅಜ್ಜಿಯ ಮೊಳಕೆಕಾಳಿನಲ್ಲಿ ಮೊದಲ ಪಾಲು ಗುಂಡನದು.

ಆ ಜಾತಿಯ ಆಯಸ್ಸೇ ಕಡಿಮೆ. ಮುಂದಿನ ವರ್ಷ ಗುಂಡ ಮುದಿಯಾಗಿ ನಿದ್ದೆಯಲ್ಲೇ ಹೋಯಿತು. ಅಜ್ಜಿಯೂ ಈಗಿಲ್ಲ. ನಾನು ತಿ. ನರಸೀಪುರದ ಶಾಲೆಯೊಂದರಲ್ಲಿ ಟೀಚರ್. ಚಂದು ನಂಜನಗೂಡಿನ ಕಾರ್ಖಾನೆಯೊಂದರಲ್ಲಿದ್ದಾನೆ. ಮೊನ್ನೆ ಫೋನಿನಲ್ಲಿ, "ಅಕ್ಕಾ, ಇನ್ನೊಂದು ಸಾಕವಾ ಅನ್ನಿಸ್ತದೆ," ಅಂದ. ಏನು ತಿನ್ನಿಸಬೇಕು, ಏನು ಹಾಸಬೇಕು ಎಂದು ಇಬ್ಬರೂ ಒಂದೇ ಉಸಿರಿಗೆ ಒದರಿದೆವು. ಒಂದೂ ಮರೆತಿರಲಿಲ್ಲ.

"ಚಳೀಲಿ ಮತ್ತಂಗೇ ಆದ್ರೆ?" ಎಂದು ಕೇಳಿದ ಅವನು. ಏನು ಮಾಡಬೇಕೆಂಬುದು ಇಬ್ಬರಿಗೂ ಗೊತ್ತು. ಎಲ್ಲರೂ ಸತ್ತಿತೆಂದು ಕೈಬಿಟ್ಟ ಜೀವವನ್ನು ಮಡಿಲಿಗೆ ಹಾಕಿಕೊಂಡು ಅಷ್ಟು ನಂಬಿಕೆಯಿಂದ ಕೂರುವವರು ಮಾತ್ರ ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ.